ದುಂಡಪ್ಪನ ಮನೆಯ ಹರಿವುಗಾವಲು

ದುಂಡಪ್ಪನ ಮನೆಯ ರೌಟರಿಗೆ ಹಾಕಿಸಿದ, ಹೋಗಿಬರುವ ಸಂದೇಶಗಳ ಮೇಲೆ ಕಣ್ಣಿಡುವ ‘ಹರಿವುಗಾವಲು’ ಎಂಬ ತಂತ್ರಾಂಶ ಮೂರನೆಯ ದಿನವೇ ಕಳ್ಳನನ್ನು ತೋರಿಸಿತು. ಬೆಳಗಾವಿಯ ಆ ಮನೆಯ ಮುಂಭಾಗದಲ್ಲಿ ಹಾಲಿನ ಸಿಹಿತಿಂಡಿ ಕುಂದಾ ಮಾರುವ ಅಂಗಡಿ, ಹಿಂದೆ ಅಡುಗೆಮನೆ. ಹಾಲು ಕಾಯಿಸಿ, ಕೈಯಾಡಿಸಿ, ಉರಿ ತಾನೇ ಹೊಂದಿಸಿಕೊಳ್ಳುವ ಯಂತ್ರದ ಒಲೆಯೂ ಅದೇ ರೌಟರಿಗೆ ಸೇರಿತ್ತು. ದಿನಾ ಬೆಳಿಗ್ಗೆ ಒಲೆ ಹೊತ್ತಿದೊಡನೆ ಅದರಿಂದ ಒಂದು ಸಂದೇಶ ರಸ್ತೆಯಾಚೆಗಿನ ತಮ್ಮ ಸಿದ್ರಾಮನ ಕುಂದಾ ಅಂಗಡಿಗೆ ಹೋಗುತ್ತಿತ್ತು.

ದುಂಡಪ್ಪನ ಪಿತ್ತ ನೆತ್ತಿಗೇರಿತು. ಮನೆ ಪಾಲಾಗಿ ಒಂಬತ್ತು ವರ್ಷ. ಅಣ್ಣತಮ್ಮಂದಿರಲ್ಲಿ ಮಾತಿಲ್ಲ, ಕತೆಯಿಲ್ಲ. ಅಪ್ಪನ ಕುಂದಾದ ಹದ ತನಗೊಬ್ಬನಿಗೇ ಒಲಿದಿದೆ ಎಂಬ ಜಂಬವೊಂದೇ ಈ ಮನುಷ್ಯನ ಆಸ್ತಿ. ಅದಕ್ಕೇ ತಮ್ಮ ಕನ್ನ ಹಾಕಿದ್ದಾನೆಂದು ಅವನು ತೀರ್ಮಾನಿಸಿಬಿಟ್ಟ.

ಹರಿವುಗಾವಲನ್ನು ರೂಪಿಸಿದ ವಿಜ್ಞಾನಿ ಪ್ರಮೀಳಾ ಹುದ್ದಾರ ಖುದ್ದಾಗಿ ಬಂದರು.

“ದುಂಡಪ್ಪನವರ, ಇದು ಲಕೋಟಿ ಮ್ಯಾಲಿನ ವಿಳಾಸ ಅಷ್ಟ ಓದ್ತದ. ಯಾರು, ಯಾರಿಗೆ, ಎಷ್ಟು ಕಳಿಸಿದ್ರು ಅಂತ ಹೇಳ್ತದ. ಒಳಗೇನದ ಅಂತ ಇದಕ್ಕೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.”

“ಒಳಗ ಇನ್ನೇನಿರತೈತ್ರಿ? ನನ್ನ ಹದ!”

“ಆದ್ರ ಇಲ್ಲಿಂದ ಹೋಗೋದು ಚೂರು, ಅಲ್ಲಿಂದ ಬರೋದು ಅದರ ನೂರು ಪಟ್ಟು. ಕದಿಯೋವ್ರು ಯಾಕ ಕಳಸ್ತಾರ?”

“ನನ್ನ ಒಲಿ ಕೆಡಸಾಕ! ಬಂದ್ ಮಾಡ್ರಿ ಮೊದ್ಲ.”

ಹೆಂಡತಿ ನೀಲವ್ವ ಬಾಗಿಲಿಂದ ಹೇಳಿದಳು: “ಇರ್ಲಿ ಬಿಡ್ರಿ, ಇನ್ನ ನಾಕ ದಿನ ನೋಡೂಣು.”

“ನೀ ಬಾಯಿ ಮುಚ್ಚ. ಅವನ ಉಪ್ಪು ಉಂಡೀಯೇನ?”

ನೀಲವ್ವನ ಮುಖ ಸಪ್ಪಗಾಯಿತು. ಪ್ರಮೀಳಾ ಮನಸ್ಸಿಲ್ಲದ ಮನಸ್ಸಿನಿಂದ ಸಂದೇಶ ಹೋಗಿಬರುವ ಆ ದಾರಿಯನ್ನು ಮುಚ್ಚಿದರು.

ಮರುದಿನ ಬೆಳಿಗ್ಗೆ ಕುಂದಾ ತಳ ಹಿಡಿಯಿತು. ಕುಂದಾದ ಬಣ್ಣವೇ ಕಂದು, ಕಣ್ಣಿಗೆ ವ್ಯತ್ಯಾಸ ತಿಳಿಯಲಿಲ್ಲ; ಆದರೆ ವಾಸನೆ ಬೀದಿಗೆಲ್ಲ ಹಬ್ಬಿತು. ಕೊಂಡವರು ಡಬ್ಬಿಗಳನ್ನು ಹಿಂದಕ್ಕೆ ತಂದರು. ದುಂಡಪ್ಪ ಒಬ್ಬೊಬ್ಬರ ಮೇಲೂ ಹರಿಹಾಯ್ದ. “ಸಿದ್ರಾಮ ಕಳಿಸ್ಯಾನೇನ ನಿಮ್ಮನ್ನ?” ಎಂದು ಕೂಗಾಡಿದ. ಸುದ್ದಿ ಕೇಳಿ ಪ್ರಮೀಳಾ ಓಡಿಬಂದರು. ಎಲ್ಲರೆದುರು ದುಂಡಪ್ಪ ಒಂದು ಹಿಡಿ ಕುಂದಾ ಬಾಯಿಗೆ ಹಾಕಿಕೊಂಡು, ಚಪ್ಪರಿಸಿ, “ನಮ್ಮಪ್ಪನ ಕುಂದಾ ಹಿಂಗ ಇರತಿತ್ತು, ತಿಳಕೋರಿ!” ಎಂದ.

ಬೈಯಲು ಬಂದವರು ಕೂಡ ತಲೆ ತಗ್ಗಿಸಿದರು.

ಸೀದ ವಾಸನೆಗೆ ರಸ್ತೆ ದಾಟಿ ಬಂದಿದ್ದ ಸಿದ್ರಾಮ ಮೆಟ್ಟಿಲ ಬಳಿ ನಿಂತಿದ್ದ. ಒಂಬತ್ತು ವರ್ಷದಲ್ಲಿ ಮೊದಲ ಸಲ ಮಾತಾಡಿದ.

“ಅಣ್ಣಾ, ಸೀದೈತಿ.”

ದುಂಡಪ್ಪ ಹೆಂಡತಿಯ ಕಡೆ ತಿರುಗಿದ. ನೀಲವ್ವ ಅಳುತ್ತಲೇ ಹೇಳಿದಳು: “ಆ ದೊಡ್ಡ ಜ್ವರ ಬಂದು ಹೋದ ಮ್ಯಾಲ ನಿಮ್ಮ ನಾಲಗಿಗೆ ರುಚಿ, ಮೂಗಿಗೆ ವಾಸನಿ ಮೆಲ್ಲಕ ಹೋಗಿಬಿಟ್ಟಾವ್ರಿ. ನಿಮಗ ಹೇಳಾಕ ನನಗ ಧೈರ್ಯ ಆಗ್ಲಿಲ್ಲ. ಮೈದುನನ ಕಾಲ ಹಿಡಕೊಂಡೆ. ಅವನ ಒಲಿ ಹೆಂಗ ಉರೀತೈತಿ, ನಮ್ಮ ಒಲಿ ಅದನ್ನ ಕೇಳಿ ಹಂಗ ಉರೀತಿತ್ತು.”

“ಎಷ್ಟ ದಿನದಿಂದ?”

“ಮೂರ ವರ್ಷ.”

ಆ ಮೂರು ವರ್ಷ ಊರು ಹೊಗಳಿದ್ದು ಯಾರ ಹದವನ್ನು ಎಂದು ದುಂಡಪ್ಪನಿಗೆ ಅರ್ಥವಾಯಿತು. ಕೈಯಲ್ಲಿ ಉಳಿದ ಕುಂದಾವನ್ನು ಮೂಗಿನ ಹತ್ತಿರ ಹಿಡಿದ. ಮತ್ತೆ ಹಿಡಿದ. ಆಮೇಲೆ ಪ್ರಮೀಳಾ ಅವರಿಗೆ, “ಮುಚ್ಚಿದ ಆ ದಾರಿ ಮತ್ತ ತಗೀರಿ ಅಕ್ಕಾರ,” ಎಂದ.

ಸಿದ್ರಾಮ ಒಂದು ಮೆಟ್ಟಿಲು ಹತ್ತಿದ.

“ನೀ ಅಲ್ಲೇ ನಿಂದರ,” ಎಂದ ದುಂಡಪ್ಪ. “ಒಲಿ ಮಾತಾಡ್ಲಿ. ನಿನ್ನ ಕೂಡ ನನ್ನ ಮಾತಿಲ್ಲ.”