ರಾಣಿ ಎಂಬ ಮಾತನ್ನು ಕದ್ದವನು

ಬಹಳ ಹಿಂದೆ ಹೊನ್ನಮರಡಿ ಎಂಬ ರಾಜ್ಯವಿತ್ತು. ಅಲ್ಲಿ ಹೆಣ್ಣುಮಗು ಹುಟ್ಟಿದೊಡನೆ ಅದರ ಕಿವಿಯಲ್ಲಿ "ರಾಣಿ" ಎಂದು ಕರೆಯಬೇಕು. ಕರೆದರೆ ಮಾತ್ರ ಮಗು ಕಣ್ಣು ಬಿಡುತ್ತಿತ್ತು. ಕುಂಬಾರರ ಮಗಳೂ ಅಷ್ಟೇ, ಅಗಸರ ಮಗಳೂ ಅಷ್ಟೇ. ಅಲ್ಲಿ ರಾಣಿ ಎಂದರೆ ಮೊದಲು ಹೆಣ್ಣು ಎಂದೇ ಅರ್ಥ. ಕಿರೀಟ ಬಂದದ್ದು ಆಮೇಲೆ.

ಅರಮನೆಯ ಮಾಂತ್ರಿಕ ಧೂಮಕೇಶನಿಗೆ ಇದನ್ನು ಕಂಡರೆ ಹೊಟ್ಟೆಯುರಿ. "ಪ್ರಭು, ಸಗಣಿ ಬಾಚುವವಳೂ ರಾಣಿ, ನಿಮ್ಮ ಪಟ್ಟದರಸಿಯೂ ರಾಣಿಯೇ? ಅರಮನೆಗೆ ಏನು ಮರ್ಯಾದೆ ಉಳಿಯಿತು?" ಎಂದ. ಅರಸ ತಲೆದೂಗಿದ. ತನ್ನನ್ನು ಹೆತ್ತವಳೂ ಹೆಣ್ಣೆಂದು ಆ ಮಹಾನುಭಾವನಿಗೆ ಹೊಳೆಯಲೇ ಇಲ್ಲ! ಧೂಮಕೇಶ ಆ ಮಾತನ್ನು ತಾಮ್ರದ ಕೊಡದಲ್ಲಿ ಸೆರೆಹಾಕಿದ. ಅಂದಿನಿಂದ ಕಿರೀಟ ಹೊತ್ತವಳನ್ನು ಬಿಟ್ಟು ಬೇರೆ ಯಾರನ್ನು ಹಾಗೆ ಕರೆಯಹೋದರೂ ನಾಲಿಗೆ ಹೊರಳುತ್ತಿರಲಿಲ್ಲ.

ಅದೇ ವಾರ ನೇಕಾರರ ತುಂಗವ್ವ ಹೆಣ್ಣು ಹೆತ್ತಳು. ಮಗು ಕಣ್ಣು ಬಿಡಲಿಲ್ಲ. ಹಸಿ ಬಾಣಂತಿ ಸೊಂಟಕ್ಕೆ ಸೀರೆ ಬಿಗಿದು, ಮಗುವನ್ನೆತ್ತಿಕೊಂಡು ಅರಮನೆಗೆ ನಡೆದಳು.

ಮೊದಲ ಬಾಗಿಲಲ್ಲಿ ಎಮ್ಮೆಯಷ್ಟು ದೊಡ್ಡ ಜೇನುಹುಳು ಕಾವಲಿತ್ತು. "ನಿಲ್ಲು, ಕುಟುಕುತ್ತೇನೆ!"

"ಕುಟುಕುವಿಯಂತೆ. ನಿಮ್ಮ ಗೂಡನ್ನೆಲ್ಲ ಹೆತ್ತವಳಿದ್ದಾಳಲ್ಲ, ಅವಳನ್ನ ಏನಂತ ಕರೀತೀಯ, ಮೊದಲು ಹೇಳು."

ಜೇನು ಬಾಯಿ ತೆರೆಯಿತು. ಆ ಮಾತು ಬರಲಿಲ್ಲ. ನಾಚಿಕೊಂಡು ದಾರಿ ಬಿಟ್ಟಿತು.

ಎರಡನೆಯ ಬಾಗಿಲಲ್ಲಿ ಆಳೆತ್ತರದ ಚದುರಂಗದ ಕಾಯಿ. "ರಾಜನ ಪಕ್ಕದಲ್ಲಿ ನಿಂತು ಎಲ್ಲ ದಿಕ್ಕಿಗೂ ನಡೆಯುವವಳು ನಾನು. ಎಲ್ಲಿ ತಪ್ಪಿಸಿಕೊಳ್ಳುತ್ತೀ?"

"ನಡೆಯವ್ವ, ಬೇಡ ಅಂದವರ್ಯಾರು? ನೀನ್ಯಾರು ಅಂತ ಹೇಳಿ ನಡೆ."

ತನ್ನ ಹೆಸರನ್ನೇ ಹೇಳಲಾಗದೆ ಕಾಯಿಗೆ ಮಾತು ಕದ್ದವನ ಮೇಲೆ ಸಿಟ್ಟು ನೆತ್ತಿಗೇರಿತು. ತಾನೇ ಬಾಗಿಲನ್ನು ಗುದ್ದಿ ತೆರೆಯಿತು.

ಮೂರನೆಯ ಬಾಗಿಲಲ್ಲಿ ಪಟ್ಟದರಾಣಿಯೇ ನಿಂತಿದ್ದಳು, ತುಂಬು ಬಸುರಿ. ಪಕ್ಕದಲ್ಲಿ ಕೊಡ, ಧೂಮಕೇಶ.

"ಕೊಡ ಮುಟ್ಟಬೇಡ. ಆ ಮಾತು ನನ್ನದು" ಎಂದಳು ರಾಣಿ.

ತುಂಗವ್ವನಿಗೆ ಮೈಯೆಲ್ಲ ಉರಿಯಿತು. "ನಿಮ್ಮದೇ ಇರಲಿ ತಾಯಿ. ನಾಳೆ ನಿಮಗೆ ಹೆಣ್ಣು ಹುಟ್ಟಿದರೆ ಏನಂತ ಕರೀತೀರಿ? ಕಿರೀಟ ಇರೋದು ನಿಮ್ಮ ತಲೆ ಮೇಲೆ. ನಿಮ್ಮ ಮಗಳೂ ಹೀಗೇ ಮಲಗಿರ್ತಾಳೆ, ನೋಡಿ."

ರಾಣಿ ಮಗುವಿನ ಮುಚ್ಚಿದ ಕಣ್ಣು ನೋಡಿದಳು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. "ಇದನ್ನು ನೀನು ನನಗೆ ಹೇಳಲಿಲ್ಲ" ಎಂದು ಧೂಮಕೇಶನತ್ತ ತಿರುಗಿದಳು.

"ರಾಜಕುಮಾರನೇ ಹುಟ್ಟುತ್ತಾನೆ, ಮಹಾರಾಣಿ" ಎಂದು ಅವನು ಹಲ್ಲು ಕಿರಿದ.

ರಾಣಿ ಕಿರೀಟ ಕಿತ್ತು ಕೊಡಕ್ಕೆ ಬೀಸಿ ಹೊಡೆದಳು. ಕೊಡ ಸೀಳಿ ಮಾತು ಹೊರಬಿತ್ತು. ಧೂಮಕೇಶ ಹೊಗೆಯಾಗಿ ಹೋದ. ಹೋಗಲಿ, ಅಂಥವನಿಗೆ ಅದೂ ಕಡಿಮೆಯೇ.

ತುಂಗವ್ವ ಮಗುವನ್ನು ರಾಣಿಯತ್ತ ಚಾಚಿದಳು. ಬರಿದಲೆಯ ರಾಣಿ ತಾನೇ ಬಾಗಿ ಮಗುವಿನ ಕಿವಿಯಲ್ಲಿ "ರಾಣಿ" ಎಂದಳು. ಮಗು ಕಣ್ಣು ಬಿಟ್ಟಿತು.

ತಿಂಗಳು ತುಂಬಿ ಅರಮನೆಯಲ್ಲೂ ಹೆಣ್ಣೇ ಹುಟ್ಟಿತು. ಅರಸನೇ ಮಂಡಿಯೂರಿ ಅದನ್ನು ಕರೆದ. ಎಲ್ಲರೂ ಸುಖವಾಗಿದ್ದರು. ಹೊನ್ನಮರಡಿಯ ಬೀದಿಯಲ್ಲಿ "ರಾಣೀ" ಎಂದು ಕೂಗಿದರೆ ಈಗಲೂ ಹೆಂಗಸರೆಲ್ಲ ತಿರುಗಿ ನೋಡುತ್ತಾರಂತೆ.