ಬೂದಿ ಹಾರದ ಉಸಿರು

"ಮುಂದಿನವರು ಬನ್ನಿ..."

ಆ ದನಿ ಕೇಳಿದ್ದೇ ತಡ, ದೀಪಶ್ರೀ ತಟ್ಟನೆ ತಲೆಯೆತ್ತಿದಳು. ಕೊಳ್ಳೇಗಾಲದ ಆ ಪುಟ್ಟ ಫಿಸಿಯೋಥೆರಪಿ ಕ್ಲಿನಿಕ್ಕಿನ ಪರದೆ ಸರಿಸಿ ನಿಂತಿದ್ದವನು... ಮಲ್ಲು! ಮಲ್ಲಿಕಾರ್ಜುನಸ್ವಾಮಿ!

ಅಜ್ಜೀಪುರದಿಂದ ಬಂದು, ದೀಪಶ್ರೀಯ ಊರಾದ ಮಧುವನಹಳ್ಳಿಯಲ್ಲಿ ತನ್ನ ಸೋದರತ್ತೆಯ ಮನೆಯಲ್ಲಿದ್ದು ಓದಿದವನು. ಅವಳ ಜೊತೆಜೊತೆಗೇ ಬೆಳೆದವನು. ಆಮೇಲೆ ಒಂದು ಮಾತೂ ಹೇಳದೆ ಮೈಸೂರಿಗೆ ಓದಲು ಹೋದವನು.

'ಅಯ್ಯೋ ಮಾದಪ್ಪಾ... ಇವನ ಮುಂದೆಯೇ ನಾನು ಕುಂಟಬೇಕಾ?'

ಎದ್ದು ಓಡಿಹೋಗೋಣವೆಂದರೆ ಓಡಲು ಕಾಲು ಬೇಕಲ್ಲ! ಬಲಗಾಲು ಆಗಲೇ ಗಡಗಡ ನಡುಗತೊಡಗಿತ್ತು.

"ಲೇ, ನೀನು ನಮ್ ಮಲ್ಲು ಅಲ್ವೇನ್ಲಾ?" ಪಕ್ಕದಲ್ಲಿದ್ದ ಅಜ್ಜಿ ಮಹಾದೇವಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. "ಎಷ್ಟ್ ದೊಡ್ಡೋನಾಗ್ಬುಟ್ಟೆ!"

ಅವನು ನಗಲಿಲ್ಲ. ದೀಪಶ್ರೀಯನ್ನೇ ನೋಡುತ್ತಾ ನಿಂತುಬಿಟ್ಟಿದ್ದ.

"ನಮಸ್ಕಾರ ಸಾ," ಎಂದಳು ಅವಳು ಬೇಕೆಂದೇ.

"ಸಾ ಅಂತೆ ಸಾ! ಹಿಪ್ಪುನೇರಳೆ ಹಣ್ಣು ಕಿತ್ಕೊಂಡು ಬಾಯಿ ತುಂಬಾ ಬೈತಿದ್ದೋಳು ನೀನೇ ಅಲ್ವಾ? ಒಳಗೆ ಬಾ ದೀಪಾ."

ಎಷ್ಟು ವರ್ಷವಾಯಿತೋ ಯಾರಾದರೂ ಅವಳನ್ನು ಹಾಗೆ ದೀಪಾ ಎಂದು ಕರೆದು...

ಅವಳ ಕಥೆ ದೊಡ್ಡದೇನಲ್ಲ. ಸ್ಕೂಟಿಯಿಂದ ಬಿದ್ದಳು, ಗಾಯ ಮಾಯಿತು, ಆದರೆ ಕಾಲು ಮಾತ್ರ ಸರಿಹೋಗಲಿಲ್ಲ. ಎಳೆದುಕೊಂಡು ನಡೆಯುವುದು, ನಿಂತಲ್ಲೇ ನಡುಗುವುದು. ಮೈಸೂರಿನ ಸ್ಕ್ಯಾನಿಂಗಿನಲ್ಲಿ ಏನೂ ಕಾಣಲಿಲ್ಲ. ಗಾಳಿ ಸೋಕಿದೆ ಎಂದು ಒಬ್ಬರು ತಾಯತ ಕಟ್ಟಿದರು.

ಅದನ್ನೂ ತಡೆದುಕೊಂಡಿದ್ದಳು. ಆದರೆ ಯಳಂದೂರಿನಿಂದ ನಿಶ್ಚಿತಾರ್ಥಕ್ಕೆಂದು ಗಂಡಿನ ಕಡೆಯವರು ಬಂದರಲ್ಲ, ಆ ದಿನ ಮನೆಯಲ್ಲಿ ರೇಷ್ಮೆಹುಳ ಹಣ್ಣಾಗಿತ್ತು. ಮೇವು ಬಿಟ್ಟು ಹಣ್ಣಾದ ಹುಳ ಯಾರಿಗೂ ಕಾಯುವುದಿಲ್ಲ. ಆಗಿಂದಾಗ ಆರಿಸಿ ಗೂಡು ಕಟ್ಟಲು ಚಂದ್ರಿಕೆಯೆಂಬ ಬಿದಿರ ಚಾಪೆಗೆ ಬಿಡಬೇಕು. ಆ ಅವಸರದಲ್ಲಿ ದೀಪಶ್ರೀ ತಟ್ಟೆ ಹಿಡಿದು, ಒಮ್ಮೆಯೂ ಕುಂಟದೆ, ಹುಳದ ಮನೆ ತುಂಬಾ ಓಡಾಡಿದ್ದಳು. ಬೀಗರು ಬಾಗಿಲಲ್ಲಿ ನಿಂತು ನೋಡಿದರು.

"ಇವ್ಳ ಕಾಲ್ಗೆ ಏನಾಗದೆ? ಬರೀ ನಾಟ್ಕ!"

ಸಂಬಂಧ ಮುರಿಯಿತು. ಅದಕ್ಕಾಗಿ ಅವಳು ಒಂದು ಹನಿ ಕಣ್ಣೀರೂ ಹಾಕಲಿಲ್ಲ. ಆದರೆ 'ನಾಟಕ' ಎಂಬ ಆ ಮಾತು ಎದೆಯಲ್ಲಿ ಮುಳ್ಳಾಗಿ ಕೂತಿತು. ಒಬ್ಬರಾದರೂ... ಒಬ್ಬರಾದರೂ ನನ್ನನ್ನು ನಂಬಬಾರದೇ?

ಕ್ಲಿನಿಕ್ಕಿನಲ್ಲಿ ಮಲ್ಲು ಕಾಲನ್ನು ಮುಟ್ಟುವ ಮೊದಲು ಉಸಿರನ್ನು ನೋಡಿದ.

"ಎದೆ ಮೇಲೇ ಉಸಿರಾಡ್ತಿದ್ದೀಯ. ಹೊಟ್ಟೆಗೆ ತಗೋ. ನಿಧಾನಕ್ಕೆ ಬಿಡು."

ಅವಳು ಫೂ ಎಂದು ಒಮ್ಮೆಲೇ ಬಿಟ್ಟಳು.

"ಹಾಗಲ್ಲ ಕಣೇ... ಅಜ್ಜಿ ಒಲೆ ಊದೋದು ನೆನಪಿದ್ಯಾ?"

ನೆನಪಿಲ್ಲದೆ ಏನು! ಹಿತ್ತಲಿನ ಒಲೆ, ಅಜ್ಜಿಯ ಕೈಯಲ್ಲಿ ಕಬ್ಬಿಣದ ಊದುಗೊಳವೆ, ಅತ್ತಿತ್ತ ಕೂತ ಇಬ್ಬರು ಮಕ್ಕಳು. ಜೋರಾಗಿ ಊದಿದರೆ ಮುಖವೆಲ್ಲ ಬೂದಿ. 'ಬೂದಿ ಮೇಲಕ್ಕೆ ಆರ್ಬಾರ್ದು, ಕೆಂಡ ಕೆಂಪಾಗ್ಬೇಕು ಕನ್ರವ್ವಾ,' ಎನ್ನುತ್ತಿದ್ದಳು ಅಜ್ಜಿ. ಮಲ್ಲುವಿನ ಮೂಗಿನ ಮೇಲಿನ ಬೂದಿಯನ್ನು ದೀಪಾ ತನ್ನ ಲಂಗದ ಅಂಚಿನಿಂದ ಒರೆಸುತ್ತಿದ್ದಳು.

ಅವಳು ಕಣ್ಣು ಮುಚ್ಚಿದಳು. ಇಲ್ಲದ ಒಲೆಯನ್ನು ಊದಿದಳು. ಉಸಿರು ಉದ್ದಕ್ಕೆ, ತೆಳ್ಳಗೆ ಹೊರಗೆ ಹೋಯಿತು. ಕಾಲಿನ ನಡುಕ ಸ್ವಲ್ಪ ಇಳಿಯಿತು!

ಅಂದಿನಿಂದ ಅಭ್ಯಾಸ ಶುರುವಾಯಿತು. ಮೊದಲು ಉಸಿರು, ಆಮೇಲೆ ನಡಿಗೆ. ಅವನು ಮೇಜು ತಟ್ಟುತ್ತಿದ್ದ, ಅವಳು ಆ ತಾಳಕ್ಕೆ ಹೆಜ್ಜೆ ಇಡುತ್ತಿದ್ದಳು. ಹಿಂದಕ್ಕೆ ನಡಿ ಎಂದರೆ ಆಶ್ಚರ್ಯ, ಕಾಲು ಸರಾಗ! ಮುಂದಕ್ಕೆ ಎಂದರೆ ಮತ್ತೆ ಮೊಂಡು. "ಕಾಲು ನೋಡ್ಬೇಡ, ನನ್ನ ನೋಡು," ಎನ್ನುತ್ತಿದ್ದ. ನೋಡಿದರೆ ಎದೆ ನಡುಗುತ್ತದಲ್ಲ, ಅದಕ್ಕೇನು ಮದ್ದು?

ಹೀಗಿರುವಾಗ ಮನೆಯಲ್ಲಿ ಮತ್ತೆ ಹುಳ ಹಣ್ಣಾಯಿತು. ಹಣ್ಣಾಯಿತೆಂದು ಕೂಗಿದರೆ ಅಕ್ಕಪಕ್ಕದವರು ಕೈಲಿದ್ದ ಕೆಲಸ ಬಿಟ್ಟು ಬರುವುದು ಆ ಊರಿನ ಹಳೆಯ ರೂಢಿ. ಅಜ್ಜಿ ಮಲ್ಲುವಿಗೂ ಫೋನ್ ಮಾಡಿದಳು.

"ಉಳ ಅಣ್ಣಾದೋ ಕಣ್ಲಾ! ಮರ್ತ್ಬುಟ್ಟಿದ್ದೀಯಾ, ಬತ್ತೀಯಾ?"

ಅವನು ಬಂದ. ಬಾಗಿಲಲ್ಲೇ ನಿಂತ.

ಒಳಗೆ ದೀಪಶ್ರೀ ತಟ್ಟೆ ಹೊತ್ತು ಹಗುರವಾಗಿ ಓಡಾಡುತ್ತಿದ್ದಳು. ಬಲಗಾಲು ಎಡಗಾಲು ಎಂಬ ಭೇದವೇ ಇರಲಿಲ್ಲ. ಮಲ್ಲುವಿನ ಮುಖ ಅರಳಿತು. ತಡೆಯಲಾರದೆ ಫೋನ್ ಎತ್ತಿ ವಿಡಿಯೋ ಮಾಡತೊಡಗಿದ.

ಅವಳು ತಿರುಗಿದಳು. ಅದೇ ಬಾಗಿಲು. ಅದೇ ನೋಟ!

ತಟ್ಟೆ ಕೈಜಾರಿತು. ಕಾಲು ಕುಸಿಯಿತು.

"ನೀನೂನಾ ಮಲ್ಲು? ನಾಟಕ ಅಂತ ರುಜುವಾತು ಮಾಡೋಕೆ ಬಂದ್ಯಾ? ಓಗು... ಆಚೆಗೋಗು!"

"ದೀಪಾ, ಹಂಗಲ್ಲ ಕಣೇ..."

ಅವಳು ಗೋಡೆ ಹಿಡಿದು ಹಿತ್ತಲಿಗೆ ಹೋದಳು. ಯಾರು ಏನೆಂದರೂ ಬದುಕಿದ್ದೆ. ಇವನೂ ನಂಬದಿದ್ದರೆ ಇನ್ನು ಯಾರಿದ್ದಾರೆ ನನಗೆ?

ಬಾಗಿಲ ಬಳಿ ಅಜ್ಜಿಯ ದನಿ ಕೇಳಿಸಿತು. "ಮೈಯೆಲ್ಲ ಸೆಂಟ್ ವಾಸ್ನೆ ಒಡೀತದೆ ನಿಂಗೆ! ಉಳಕ್ಕಾಗಲ್ಲ. ತೊಳ್ಕಂಡು ಬಾ, ಆರ್ಸು. ಮಾತು ಆಮೇಕೆ ಆಡ್ಕಳಿ."

ಅವನು ಮೈ ತೊಳೆದುಕೊಂಡು ಅಜ್ಜನ ಹಳೆಯ ಪಂಚೆಯುಟ್ಟು ಬರಿಗಾಲಲ್ಲಿ ಒಳಗೆ ಹೋದ. ಚೆಲ್ಲಿದ ಹುಳವನ್ನೆಲ್ಲ ಒಂದೊಂದಾಗಿ ಆರಿಸಿ ಚಂದ್ರಿಕೆಗೆ ಬಿಟ್ಟ. ಕೆಲಸ ಮುಗಿಯುವವರೆಗೂ ಅವಳನ್ನು ಕರೆಯಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಹಿತ್ತಲಿಗೆ ಬಂದ. ಅವಳು ಒಲೆಯ ಮುಂದೆ ಕೂತು ಊದುತ್ತಿದ್ದಳು. ಮುಖದ ತುಂಬಾ ಬೂದಿ, ಕಣ್ಣೀರು. ಅವನು ಪಕ್ಕದಲ್ಲಿ ಕೂತ; ಹಾರಿದ ಬೂದಿ ಅವನ ಮೂಗಿಗೂ ಮೆತ್ತಿತು.

"ನಿನ್ನ ಕೇಳ್ದೆ ವಿಡಿಯೋ ಮಾಡ್ದೆ, ತಪ್ಪಾಯ್ತು," ಎಂದ. "ಆದ್ರೆ ಅದು ಬೇರೆಯೋರಿಗಲ್ಲ. ನಿಂಗೇ ತೋರ್ಸೋಕೆ. ಒಂದ್ಸಲ ನೋಡು. ಆಮೇಲೆ ಅಳಿಸಿಬಿಡ್ತೀನಿ."

ಅವಳು ನೋಡಿದಳು. ಪರದೆಯ ಮೇಲೆ ಒಬ್ಬ ಹುಡುಗಿ ತಟ್ಟೆ ಹಿಡಿದು ನಡೆಯುತ್ತಿದ್ದಳು. ಎಷ್ಟು ಚೆನ್ನಾಗಿ ನಡೆಯುತ್ತಿದ್ದಳು!

"ಇದು... ನಾನಾ?"

"ನೀನೇ. ನಿನ್ನ ಕಾಲು ಕೆಟ್ಟಿಲ್ಲ ದೀಪಾ. ಬಿದ್ದಾಗಿಂದ ನಿನ್ನ ಗಮನ ಅದಕ್ಕೆ ಕಾವಲು ಕೂತಿದೆ. ಕಾವಲು ಕೂತಾಗ ಕಾಲು ಹೆದರುತ್ತೆ, ಕೆಲಸದಲ್ಲಿ ಮರೆತಾಗ ನಡೆಯುತ್ತೆ. ಈ ಕಾಯಿಲೆ ಇರೋದೇ ಹಿಂಗೆ. ನೀನು ಬೇಕಂತ ಮಾಡ್ತಿಲ್ಲ. ನಡುಗಿದ್ದೂ ನಿಜ, ನಡೆದಿದ್ದೂ ನಿಜ."

"ಅವ್ರು ಇದನ್ನೇ ನೋಡಿ..."

"ಅವ್ರಿಗೆ ಕಂಡಿದ್ದು ಸುಳ್ಳು. ನನಗೆ ಕಂಡಿದ್ದು, ನೀನು ವಾಸಿಯಾಗ್ತೀಯ ಅನ್ನೋದು."

ದೀಪಶ್ರೀ ಬಿಕ್ಕಿಬಿಕ್ಕಿ ಅತ್ತಳು. ಎದೆಯ ಮುಳ್ಳು ಆ ಅಳುವಿನಲ್ಲೇ ಹೊರಬಂತು.

"ನಾಳೆಯಿಂದ ನಮ್ಮ ಕ್ಲಿನಿಕ್ ನಡೆಸೋ ಮೇಡಂ ನಿನಗೆ ಅಭ್ಯಾಸ ಮಾಡಿಸ್ತಾರೆ," ಎಂದ ಅವನು ತಗ್ಗಿದ ದನಿಯಲ್ಲಿ.

ಅವಳ ಜೀವ ಹಾರಿಹೋಯಿತು. "ಮತ್ತೆ ಹೇಳ್ದೆ ಕೇಳ್ದೆ ಹೊರಟುಹೋಗ್ತೀಯಾ? ಅವತ್ತಿನ ಥರ?"

"ಅವತ್ತು ಹೇಳೋಕೆ ಬಂದಿದ್ದೆ. ನೀನು ಇಲ್ಲೇ ಒಲೆ ಊದ್ತಾ ಕೂತಿದ್ದೆ. ನಿನ್ನ ಮುಖ ನೋಡಿದ್ರೆ ಹೋಗೋಕಾಗಲ್ಲ ಅಂತ ಬೇಲಿ ಹತ್ರದಿಂದ್ಲೇ ವಾಪಸ್ಸಾದೆ."

ಅವನು ಹಿತ್ತಲಿನ ಆ ತುದಿಗೆ ಹೋಗಿ, ಅದೇ ಬೇಲಿಯ ಬಳಿ ನಿಂತು ಕೈ ಚಾಚಿದ. "ಇವತ್ತು ಹೇಳ್ತೀನಿ. ಬಾ. ಕಾಲು ನೋಡ್ಬೇಡ."

ಅವಳು ಉಸಿರನ್ನು ಹೊಟ್ಟೆಗೆ ತೆಗೆದುಕೊಂಡಳು. ಎದ್ದಳು. ಹೆಜ್ಜೆ ಇಟ್ಟಳು. ಬಲಗಾಲು ಒಮ್ಮೆ ನಡುಗಿತು. ನಿಂತಳು, ಮತ್ತೆ ಉಸಿರು ಬಿಟ್ಟಳು, ಮತ್ತೆ ನಡೆದಳು.

"ರೋಗಿನ ಇಷ್ಟಪಡೋ ಹಾಗಿಲ್ಲ ನಾನು. ಅದಕ್ಕೇ ಮೇಡಂಗೆ ಒಪ್ಪಿಸಿದ್ದು," ಎಂದ. "ದೀಪಾ... ನನ್ನ ಮದುವೆ ಆಗ್ತೀಯಾ?"

ಆಮೇಲೆ ಹೇಗೆ ನಡೆದಳೋ ಅವಳಿಗೇ ಗೊತ್ತಿಲ್ಲ. ನೋಡಿದರೆ ಬೇಲಿ ಪಕ್ಕದಲ್ಲಿದ್ದಳು, ಕೈ ಅವನ ಕೈಯೊಳಗಿತ್ತು.

"ಇದೂ ಅಭ್ಯಾಸನಾ?" ಎಂದಳು.

"ಅಲ್ಲ..."

"ಮತ್ತೆ ನಿನ್ನ ಕೈ ಯಾಕೆ ನಡುಗ್ತಾ ಅದೆ?"

"ಗೊತ್ತಿಲ್ಲ ಕಣೇ. ನಾಟಕ ಅಂತೂ ಅಲ್ಲ."

ಅವಳು ಸೆರಗಿನ ತುದಿಯಿಂದ ಅವನ ಮೂಗಿನ ಮೇಲಿನ ಬೂದಿಯನ್ನು ಒರೆಸಿದಳು.

"ನಂಬ್ತೀನಿ ಮಲ್ಲು. ಉಸಿರು ಬಿಡು... ನಿಧಾನಕ್ಕೆ... ಬೂದಿ ಹಾರ್ಬಾರ್ದು."