ಹೆಸರು ಬೇಡುವ ಪೆಟ್ಟಿಗೆ

"ಯಾರು ಹೋದ್ರು?"

ಬಾಗಿಲಲ್ಲಿ ನೆರಳು ಬಿದ್ದದ್ದೇ ತಡ, ಲಾಮಿಲೆ ತಲೆಯೆತ್ತದೆ ಕೇಳಿದಳು. ತೇಶಿ ಎಂಬ ಊರಿನ ಕಡಲ ರಸ್ತೆಯಲ್ಲಿದ್ದ ಅವಳ ಅಂಗಡಿಗೆ ಬರುವವರೆಲ್ಲ ಸಾವಿನ ಸುದ್ದಿ ಹೊತ್ತೇ ಬರುತ್ತಿದ್ದರು. ಸತ್ತವರ ಫೋಟೊ, ಮಕ್ಕಳು ಮೊಮ್ಮಕ್ಕಳ ಹೆಸರು, ಮಣ್ಣು ಮಾಡುವ ದಿನ ಎಲ್ಲ ಹಾಕಿ, ಗೋಡೆಗೆ ಅಂಟಿಸುವ ದೊಡ್ಡ ಪೋಸ್ಟರ್ ಮಾಡಿಕೊಡುವುದು ಅವಳ ಕಸುಬು.

"ಯಾರೂ ಹೋಗಿಲ್ಲ. ಹೋಗ್ಬೇಕು ಅಂತಿರೋನು ನಾನು."

ಅವಳು ತಲೆಯೆತ್ತಿದಳು. ರೆಪ್ಪೆಯ ಮೇಲೂ ಮರದ ಪುಡಿ ಕೂತಿದ್ದ ಒಬ್ಬ ಗಂಡಸು ಹೊಸ್ತಿಲಾಚೆ ನಿಂತಿದ್ದ. ಒಡಾರ್ಟೆ! ಶವಪೆಟ್ಟಿಗೆ ಕೆತ್ತುವ ಒಡಾರ್ಟೆ.

ಅವನನ್ನು ಅರಿಯದವರು ಆ ಊರಲ್ಲಿ ಯಾರಿದ್ದರು? ಬೆಸ್ತ ಸತ್ತರೆ ಮೀನಿನ ಆಕಾರದ ಪೆಟ್ಟಿಗೆ, ಡ್ರೈವರ್ ಸತ್ತರೆ ಬಸ್ಸು, ಈರುಳ್ಳಿ ಮಾರುವವಳು ಸತ್ತರೆ ಒಂದು ದೊಡ್ಡ ಈರುಳ್ಳಿ. ಬದುಕಿದ್ದಾಗ ಏನಾಗಿದ್ದರೋ ಅದರೊಳಗೇ ಮಲಗಿ ಮಣ್ಣಿಗೆ ಹೋಗುತ್ತಿದ್ದರು. ಆದರೆ ಬದುಕಿರುವವರು ಅವನ ಕಣ್ಣಿಗೆ ಬೀಳಲು ಹೆದರುತ್ತಿದ್ದರು. ಅವನು ಸ್ವಲ್ಪ ಹೊತ್ತು ದಿಟ್ಟಿಸಿದರೆ ಅಳತೆ ತೆಗೆದ ಹಾಗೆಯೇ ಎಂದು ಹೆಂಗಸರು ರಸ್ತೆ ದಾಟಿ ನಡೆಯುತ್ತಿದ್ದರು.

ಈಗ ಅವನು ಅವಳನ್ನೇ ದಿಟ್ಟಿಸುತ್ತಿದ್ದ.

"ಹಂಗೆ ನೋಡ್ಬೇಡ ಮಾರಾಯ. ನಂಗಿನ್ನೂ ಅಷ್ಟು ವಯಸ್ಸಾಗಿಲ್ಲ," ಎಂದಳು ಲಾಮಿಲೆ.

"ಅಳತೆ ತಗೀತಿಲ್ಲ... ಸುಮ್ನೆ ನೋಡ್ದೆ."

ಏನಿದು, ತನ್ನ ಕೆನ್ನೆ ಯಾಕೆ ಬಿಸಿಯಾಯಿತು? ಅವಳು ಅವನಿಗೊಂದು ಸ್ಟೂಲು ತಳ್ಳಿ, ಬಂದ ಕೆಲಸ ಹೇಳು ಎಂದಳು.

ನ್ಯೂಯಾರ್ಕಿನ ಒಂದು ಕಲಾಶಾಲೆ ಅವನನ್ನು ಕರೆದಿತ್ತು. ಅಲ್ಲಿದ್ದು ಕೆತ್ತಬೇಕು, ಕಲಿಸಬೇಕು. ಅದಕ್ಕೆ ಬೇಕಾದದ್ದು ಅಸಾಧಾರಣ ಪ್ರತಿಭೆ ಇರುವವರಿಗೆ ಮಾತ್ರ ಕೊಡುವ ಕೆಲಸದ ವೀಸಾ. ತಾನು ಅಸಾಧಾರಣ ಎಂದು ಅವನೇ ಕಾಗದಪತ್ರದಲ್ಲಿ ತೋರಿಸಬೇಕಂತೆ. ಪತ್ರಿಕೆಯಲ್ಲಿ ಬಂದ ಬರಹ, ದೊಡ್ಡವರ ಶಿಫಾರಸು ಪತ್ರ, ಮಾಡಿದ ಕೆಲಸಗಳ ಪುರಾವೆ... ಅಲ್ಲಿನ ವಕೀಲೆ ಕಳಿಸಿದ ಪಟ್ಟಿ ಓದಿ ಅವನ ತಲೆ ಕೆಟ್ಟುಹೋಗಿತ್ತು.

"ನಮ್ಮ ದೊಡ್ಡಪ್ಪ ಇವತ್ತಿಗೂ ನಂಗೆ ಉಜ್ಜುಗೊರಡು ಹಿಡಿಯೋಕೆ ಬರಲ್ಲ ಅಂತಾರೆ. ಇನ್ನು ಅಸಾಧಾರಣ ಅಂತ ಯಾರ ಹತ್ರ ಬರೆಸ್ಲಿ?" ಎಂದ ಒಡಾರ್ಟೆ. ಆಮೇಲೆ ದನಿ ತಗ್ಗಿಸಿ, "ಪುರಾವೆ ಕೇಳ್ತಾರೆ. ನಾನು ಕೆತ್ತಿದ್ದೆಲ್ಲ ಮಣ್ಣಿನಡಿ ಇದೆ," ಎಂದ.

ಅವನು ಅವಳ ಬಳಿ ಬಂದದ್ದು ಅದಕ್ಕೇ. ಅವನು ಪೆಟ್ಟಿಗೆ ಕೆತ್ತಿಕೊಟ್ಟವರ ಪೋಸ್ಟರನ್ನೆಲ್ಲ ಮಾಡಿದವಳು ಅವಳು. ಆ ಮನೆಗಳೆಲ್ಲ ಅವಳಿಗೆ ಗೊತ್ತು. ವೀಸಾ ಅರ್ಜಿ ತುಂಬಿಸಿಕೊಳ್ಳಲು ಊರಿನವರು ಬರುತ್ತಿದ್ದದ್ದೂ ಅವಳ ಅಂಗಡಿಗೇ.

ಹೀಗೆ ಇಬ್ಬರೂ ಸಾವು ಕಂಡ ಮನೆಗಳ ಕದ ತಟ್ಟುತ್ತಾ ಹೊರಟರು.

ಕೆಲವರು ಒಳಗೆ ಕರೆದು, ಶವಯಾತ್ರೆಯಲ್ಲಿ ಪೆಟ್ಟಿಗೆ ಹೊತ್ತು ಕುಣಿದ ದಿನದ ಫೋಟೊ ಹುಡುಕಿ ಕೊಟ್ಟರು. ಕೆಲವರು ಒಡಾರ್ಟೆಯ ಮುಖ ಕಂಡೊಡನೆ ಮಕ್ಕಳನ್ನು ಒಳಗೆ ಎಳೆದುಕೊಂಡರು. ಪಕ್ಕದೂರಿನ ಎದುರಾಳಿ ಕೆತ್ತನೆಗಾರ, ಇವನಂಥ ಕೈ ಈ ಕರಾವಳಿಯಲ್ಲೇ ಇಲ್ಲ ಎಂದು ಬರೆದು ಸಹಿ ಹಾಕಿದ. ಇವನು ಹೋದರೆ ಗಿರಾಕಿಗಳೆಲ್ಲ ತನಗೇ ತಾನೆ ಎಂದು ನಗಾಡಿದ. ಲಾಮಿಲೆ ಅದನ್ನೂ ಜೋಪಾನವಾಗಿ ಫೈಲಿಗೆ ಸೇರಿಸಿದಳು. ಹೊಟ್ಟೆಕಿಚ್ಚಿನವನ ಹೊಗಳಿಕೆಗೆ ಗೆಳೆಯನ ಹೊಗಳಿಕೆಗಿಂತ ತೂಕ ಹೆಚ್ಚು ಎಂಬುದು ಅವಳ ಲೆಕ್ಕ.

ಮೀನನ್ನು ಹೊಗೆಯಲ್ಲಿ ಒಣಗಿಸಿ ಮಾರುವ ಒಬ್ಬ ವಿಧವೆ ಮಾತ್ರ ಫೋಟೊ ಕೊಟ್ಟ ಮೇಲೆ ಲಾಮಿಲೆಯ ಕೈ ಬಿಡಲಿಲ್ಲ.

"ಸಾವು ತಟ್ಟಿದ ಬಾಗಿಲನ್ನೇ ಹುಡುಕಿ ಹುಡುಕಿ ತಟ್ತಿದ್ದೀರಿ," ಎಂದಳು ಆಕೆ. "ಬಂದ ದಾರೀಲೇ ವಾಪಸ್ ಹೋಗ್ಬೇಡಿ ಮಗಳೆ. ಬೇರೆ ದಾರಿ ಹಿಡೀರಿ."

ಅವರು ಸುತ್ತು ಹಾಕಿ, ಸಮುದ್ರದ ದಂಡೆಯ ಮೇಲೆ ನಡೆದು ಬಂದರು. ದಾರಿಯಲ್ಲಿ ಒಂದೇ ಎಲೆಯಲ್ಲಿ ಕೆಂಕೆ ಎಂಬ ಮೆಕ್ಕೆಜೋಳದ ಹಿಟ್ಟಿನುಂಡೆಯನ್ನೂ ಹುರಿದ ಮೀನನ್ನೂ ಹಂಚಿಕೊಂಡು ತಿಂದರು. ಖಾರಕ್ಕೆ ಅವನ ಕಣ್ಣಲ್ಲಿ ನೀರು ಬಂತು. ಇಷ್ಟು ಹೆಣ ಕಂಡವನು ಮೆಣಸಿನಕಾಯಿಗೆ ಅಳುತ್ತಾನಲ್ಲ ಎಂದು ಲಾಮಿಲೆ ನಕ್ಕಳು. ಅವನೂ ನಕ್ಕ.

ಆ ನಗುವಿನಲ್ಲೇ ಅವಳು ಸೋತಳು.

ಅಯ್ಯೋ... ಇವನು ಹೊರಟವನಲ್ಲವೇ! ಒಂದೊಂದು ಕಾಗದ ಫೈಲಿಗೆ ಸೇರಿದಾಗಲೂ ಇವನು ಒಂದೊಂದು ಹೆಜ್ಜೆ ದೂರ ಹೋಗುತ್ತಿದ್ದಾನೆ. ತಳ್ಳುತ್ತಿರುವ ಕೈ ನನ್ನದೇ.

ಆದರೂ ಅವಳು ಕೆಲಸ ನಿಲ್ಲಿಸಲಿಲ್ಲ. ಅವನಾಗಿಯೇ "ನಾನು ಹೋಗಲ್ಲ" ಅನ್ನಲಿ ಎಂದು ಕಾದಳು. ಅವನು ಅನ್ನಲಿಲ್ಲ.

ಅಷ್ಟರಲ್ಲಿ ದೊಡ್ಡ ಹಬ್ಬಕ್ಕೆ ಮುಂಚಿನ ಮೌನದ ದಿನಗಳು ಬಂದವು. ಡೋಲು ಬಾರಿಸುವಂತಿಲ್ಲ, ಜೋರಾಗಿ ಸದ್ದು ಮಾಡುವಂತಿಲ್ಲ, ಶವಸಂಸ್ಕಾರವನ್ನೂ ಮಾಡುವಂತಿಲ್ಲ. ಊರಿಡೀ ಉಸಿರು ಬಿಗಿಹಿಡಿದ ಹಾಗಿತ್ತು. ಆ ಮೌನದಲ್ಲೇ ವಕೀಲೆಯ ಫೋನು ಬಂತು. ಫೈಲು ಚೆನ್ನಾಗಿದೆ, ಆದರೆ ಎಲ್ಲವೂ ಹಳೆಯ ಕೆಲಸ. ಒಂದು ಹೊಸ ಪೆಟ್ಟಿಗೆ ಬೇಕು. ಉಳಿಯ ಮೊದಲ ಏಟಿನಿಂದ ಕೊನೆಯ ಬಣ್ಣದವರೆಗೆ ಅವನ ಕೈ ಕಾಣುವ ಫೋಟೊಗಳು ಬೇಕು, ಅದೂ ಬೇಗ.

ಒಡಾರ್ಟೆಯ ದೊಡ್ಡಪ್ಪ ಅಫೋಟೆ ಆ ಕಾರ್ಯಾಗಾರದ ಯಜಮಾನರು. ಸುದ್ದಿ ಕೇಳಿ ಅವರು ಕೈಲಿದ್ದ ಉಳಿ ಕೆಳಗಿಟ್ಟರು. ಅವರ ಮನೆತನಕ್ಕೊಂದು ಕಟ್ಟಳೆಯಿತ್ತು. ಮರಕ್ಕೆ ಉಳಿ ತಾಗಿಸುವ ಮುಂಚೆ ನೆಲಕ್ಕೆ ಜಿನ್ ಮದ್ಯ ಸುರಿದು, ಒಳಗೆ ಮಲಗುವವರ ಹೆಸರು ಹೇಳಬೇಕು. ಹೆಸರಿಲ್ಲದೆ ಯಾವ ಪೆಟ್ಟಿಗೆಯೂ ಅಲ್ಲಿ ಹುಟ್ಟಿರಲಿಲ್ಲ. ಈಗ ಹೇಳಲು ಯಾರ ಹೆಸರಿದೆ?

"ಇದು ಕಾಗದಕ್ಕೋಸ್ಕರ ಅಷ್ಟೆ ದೊಡ್ಡಪ್ಪ. ಒಳಗೆ ಯಾರೂ ಮಲಗಲ್ಲ," ಎಂದಳು ಲಾಮಿಲೆ.

"ಪೆಟ್ಟಿಗೆಗೆ ಅದು ಗೊತ್ತಿರಲ್ಲ ಮಗಳೆ."

ಒಡಾರ್ಟೆ ಅವಳ ಕಡೆಗೇ ತಿರುಗಿದ. "ನೀನು ಮಾಡು ಅಂತೀಯಾ?"

ಬೇಡ ಅನ್ನು, ಬೇಡ ಅನ್ನು ಎಂದು ಅವಳ ಎದೆ ಹೊಡೆದುಕೊಂಡಿತು. ಬೇಡವೆಂದರೆ ಯಾಕೆ ಎಂದು ಕೇಳುತ್ತಾನಲ್ಲ. ಆಗ ಏನು ಹೇಳುವುದು?

"ಹೂಂ. ಮಾಡು," ಎಂದಳು.

ಅವನ ಮುಖ ಮುಚ್ಚಿಕೊಂಡಿತು. ಅವನು ಬಾಗಿಲನ್ನೂ ಮುಚ್ಚಿಕೊಂಡು ಒಬ್ಬನೇ ಕೆಲಸಕ್ಕೆ ಕೂತ.

ಫೋಟೊಗಳು ಒಂದೊಂದಾಗಿ ಅವಳ ಫೋನಿಗೆ ಬರತೊಡಗಿದವು. ಮೊದಲು ಬರೀ ತೊಲೆ. ಆಮೇಲೆ ಉದ್ದನೆಯ ಒಡಲು. ಆಮೇಲೆ, ಎರಡೂ ಬದಿಗೆ... ರೆಕ್ಕೆ.

ವಿಮಾನ! ಬಿಳಿ ಬಣ್ಣದ, ಸಾಲು ಕಿಟಕಿಗಳ ವಿಮಾನ.

ಹೊರಡಲು ಇಷ್ಟು ಅವಸರವೇ ಇವನಿಗೆ? ಲಾಮಿಲೆ ಫೋನು ಬದಿಗಿಟ್ಟು ಎದ್ದಳು. ಕಾರ್ಯಾಗಾರಕ್ಕೆ ಹೋಗಿ, ಬಾಗಿಲಲ್ಲೇ ನಿಂತು ಕೇಳಿದಳು.

"ಕಿಟಕಿ ಪಕ್ಕದ ಸೀಟು ಹಿಡ್ಕೊಂಡ್ಯಾ?"

"ನಿಂಗೆ ಬೇಕಾದ್ದನ್ನೇ ಮಾಡಿದ್ದೀನಿ," ಎಂದ ಅವನು, ತಿರುಗದೆ.

ಅವಳು ಮತ್ತೆ ಆ ಕಡೆ ಹೆಜ್ಜೆ ಹಾಕಲಿಲ್ಲ. ಕೊನೆಯ ಫೋಟೊಗಳೂ ಬಂದವು. ಫೈಲು ಸಿದ್ಧವಾಯಿತು, ಕಳಿಸುವುದೊಂದೇ ಬಾಕಿ. ಯಾಕೋ ಬೆರಳು ಮುಂದೆ ಹೋಗಲಿಲ್ಲ. ನಾಳೆ ಕಳಿಸಿದರಾಯಿತು ಎಂದುಕೊಂಡಳು. ಆ ನಾಳೆಯೂ ಹಾಗೆಯೇ ಕಳೆಯಿತು.

ಈ ನಡುವೆ ಊರಲ್ಲಿ ಮಾತು ಹುಟ್ಟಿತ್ತು. ಗೋಡೆಗೆ ಒರಗಿಸಿದ್ದ ಹಲಗೆಗಳು ತಾವಾಗಿಯೇ ಜಾರಿ ಒಡಾರ್ಟೆಯ ತಲೆಯ ಪಕ್ಕದಲ್ಲೇ ಬಿದ್ದವಂತೆ. ಅವನ ಹೊಸ್ತಿಲಲ್ಲಿ ಮಲಗುತ್ತಿದ್ದ ನಾಯಿ ರಸ್ತೆಯಾಚೆ ಹೋಗಿ ಕೂತು, ಅನ್ನ ಹಾಕಿದರೂ ಈಚೆ ಬರುತ್ತಿಲ್ಲವಂತೆ. ಉಳಿ ಜಾರಿ ಅವನ ಅಂಗೈ ಸೀಳಿದೆಯಂತೆ. ಸುಮ್ಮನೆ ಆಡಿಕೊಳ್ಳುವವರ ಮಾತು ಎಂದು ಅವಳು ಕಿವಿ ಮುಚ್ಚಿಕೊಂಡಳು. ಆದರೆ ಆ ಮೌನದ ಊರಲ್ಲಿ ಮಾತು ಬಲು ದೂರ ಕೇಳಿಸುತ್ತಿತ್ತು.

ಒಂದು ಮಧ್ಯಾಹ್ನ ಅಂಗಡಿಯ ಬಾಗಿಲಿಗೆ ಮತ್ತೆ ನೆರಳು ಬಿತ್ತು. ಅಫೋಟೆ ನಿಂತಿದ್ದರು. ಯಾರು ಹೋದ್ರು ಎಂದು ಕೇಳಲು ಲಾಮಿಲೆಗೆ ಧೈರ್ಯವಾಗಲಿಲ್ಲ.

"ಆ ಫೋಟೊ ಕಳಿಸಿದ್ಯಾ?" ಎಂದರು ಮುದುಕರು.

"ಇಲ್ಲ ದೊಡ್ಡಪ್ಪ."

"ಕಳಿಸಿದ್ರೂ ಅಷ್ಟೆ, ಬಿಟ್ರೂ ಅಷ್ಟೆ ಈಗ." ಅವರು ಅಲ್ಲೇ ಕುಸಿದು ಕೂತರು. "ಮೊದಲ ದಿನ ಬಾಗಿಲ ಹಿಂದೆ ನಿಂತು ಕೇಳಿಸ್ಕೊಂಡೆ. ಜಿನ್ ಸುರಿದ. ಹೆಸರು ಹೇಳಿದ. ಅವನು ಹೇಳಿದ್ದು ಅವನದೇ ಹೆಸರು ಮಗಳೆ."

ಲಾಮಿಲೆಯ ಕಿವಿಯಲ್ಲಿ ಕಡಲು ಮೊರೆಯಿತು.

ಅಂಗೈ ಕೀವು ತುಂಬಿ ಊದಿದೆ, ಜ್ವರ ಇಳಿಯುತ್ತಿಲ್ಲ, ಆಸ್ಪತ್ರೆಗೆ ಬಾ ಎಂದರೆ ಬರುವುದಿಲ್ಲ ಎಂದರು ಅಫೋಟೆ. ಆ ಪೆಟ್ಟಿಗೆಯನ್ನು ಸುಟ್ಟುಬಿಡಿ ಎಂದಳು ಅವಳು. ಸುಟ್ಟರೆ ಹೆಸರೂ ಸುಡುತ್ತದೆ, ಹೆಸರಿನವನೂ ಉಳಿಯುವುದಿಲ್ಲ ಎಂದರು. ಹೆಸರು ಕೇಳಿಸಿಕೊಂಡ ಪೆಟ್ಟಿಗೆ ಬೇರೆಯವರನ್ನು ಒಪ್ಪುವುದಿಲ್ಲ, ಖಾಲಿಯಾಗಿ ಮಣ್ಣಿಗೂ ಹೋಗುವುದಿಲ್ಲ. ತನ್ನವನಿಗಾಗಿ ಕಾಯುತ್ತದೆ.

ಅವಳು ಅಂಗಡಿಯನ್ನು ತೆರೆದಂತೆಯೇ ಬಿಟ್ಟು ಓಡಿದಳು.

ಕಾರ್ಯಾಗಾರದ ನಡುವೆ ಆ ಬಿಳಿ ವಿಮಾನ ಮುಚ್ಚಳ ತೆರೆದುಕೊಂಡು ನಿಂತಿತ್ತು. ಅದರ ಪಕ್ಕದಲ್ಲೇ, ಮರದ ಹೊಟ್ಟಿನ ರಾಶಿಯ ಮೇಲೆ ಒಡಾರ್ಟೆ ಮಲಗಿದ್ದ. ತುಟಿ ಬಿರಿದು ಬೆಳ್ಳಗಾಗಿತ್ತು. ಅವಳನ್ನು ಕಂಡು ಏಳಲು ನೋಡಿದ, ಆಗಲಿಲ್ಲ.

"ಮೊದಲು ಆಸ್ಪತ್ರೆ. ಜಗಳ ಆಮೇಲೆ," ಎಂದಳು ಲಾಮಿಲೆ.

ಟ್ಯಾಕ್ಸಿಯವನು ಅವನನ್ನು ಹತ್ತಿಸಿಕೊಳ್ಳಲು ಹಿಂದೆಮುಂದೆ ನೋಡಿದ. ನಿನ್ನ ಅಜ್ಜಿಯ ಪೋಸ್ಟರ್ ಮಾಡಿದವಳು ನಾನು, ನಿನ್ನದನ್ನೂ ಮಾಡಲು ಗೊತ್ತು ಎಂದು ಅವಳು ಗದರಿದ ಮೇಲೆ ಬಾಗಿಲು ತೆರೆದ. ನರ್ಸು ಕೀವು ತೆಗೆದು, ಔಷಧಿ ಹಾಕಿ, ಇನ್ನೂ ತಡಮಾಡಿದ್ದರೆ ಕೈ ಇರುತ್ತಿರಲಿಲ್ಲ, ಬಹುಶಃ ಇವನೂ ಇರುತ್ತಿರಲಿಲ್ಲ ಎಂದಳು. ಜ್ವರ ಇಳಿಯುವವರೆಗೂ ಲಾಮಿಲೆ ಅವನ ಮಂಚದ ಪಕ್ಕದಿಂದ ಏಳಲಿಲ್ಲ.

ಮನೆಗೆ ಹೋಗಬಹುದು ಎಂದು ನರ್ಸು ಹೇಳಿದ ದಿನ ಅವನು ಹಟ ಹಿಡಿದು ನೇರ ಕಾರ್ಯಾಗಾರಕ್ಕೇ ಬಂದ. ಅವಳೂ ಬಂದಳು. ಪೆಟ್ಟಿಗೆ ಹಾಗೆಯೇ ಬಾಯಿ ತೆರೆದುಕೊಂಡಿತ್ತು. ಜ್ವರ ಇಳಿದರೂ ಅದಕ್ಕೇನೂ ಅವಸರವಿಲ್ಲ ಎಂಬಂತೆ.

"ಯಾಕೆ ನಿನ್ನ ಹೆಸರು ಹೇಳ್ದೆ?"

"ಬೇರೆ ಯಾರದು ಹೇಳ್ಲಿ? ಯಾರ ಹೆಸರು ಹೇಳಿದ್ರೂ ಅವರಿಗೆ ಅಳೋರು ಇರ್ತಾರೆ." ಅವನು ಕಟ್ಟು ಕಟ್ಟಿದ ಕೈಯನ್ನೇ ನೋಡುತ್ತಿದ್ದ. "ನಿನ್ನ ಕೇಳ್ದೆ. ಮಾಡು ಅಂದೆ. ಕಳಿಸೋಕೆ ಇಷ್ಟು ಆತುರ ಪಡ್ತಿದ್ದಾಳಲ್ಲ, ಇವಳೂ ಅಳಲ್ಲ ಅಂದ್ಕೊಂಡೆ. ಹೆಂಗಿದ್ರೂ ಹೋಗೋನು ತಾನೆ, ಅದಕ್ಕೇ ವಿಮಾನ ಮಾಡ್ದೆ."

"ದಡ್ಡ," ಎಂದಳು ಲಾಮಿಲೆ. "ನೀನಾಗೇ ಹೋಗಲ್ಲ ಅಂತೀಯೇನೋ ಅಂತ ಕಾಯ್ತಿದ್ದೆ. ಬೇಡ ಅನ್ನೋಕೆ ಧೈರ್ಯ ಬರ್ಲಿಲ್ಲ. ಒಂದೊಂದು ಕಾಗದ ಜೋಡಿಸುವಾಗ್ಲೂ ಒಳಗೊಳಗೇ ಸತ್ತಿದ್ದೀನಿ ಕಣೋ."

ಅವನು ತಲೆಯೆತ್ತಿದ. ಮೊದಲ ದಿನ ನೋಡಿದ ಹಾಗೆಯೇ ನೋಡಿದ.

ಅವಳು ಕಣ್ಣೊರೆಸಿಕೊಂಡಳು. ಗೂಡಿನಲ್ಲಿದ್ದ ಜಿನ್ ಬಾಟಲಿ ತೆಗೆದು, ಅವನಿಗೆ ಏನೆಂದು ತಿಳಿಯುವ ಮೊದಲೇ ಪೆಟ್ಟಿಗೆಯ ಮುಂದೆ ನೆಲಕ್ಕೆ ಸುರಿದಳು. ಮಣ್ಣು ಅದನ್ನು ಹೀರಿಕೊಂಡಿತು.

"ಲಾಮಿಲೆ," ಎಂದಳು, ಗಟ್ಟಿಯಾಗಿ, ಸ್ಪಷ್ಟವಾಗಿ. ತನ್ನದೇ ಹೆಸರನ್ನು.

ಒಡಾರ್ಟೆ ಗಾಯವಿಲ್ಲದ ಕೈಯಿಂದ ಅವಳ ಬಾಯಿ ಮುಚ್ಚಲು ಧಾವಿಸಿದ. ತಡವಾಗಿತ್ತು. ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಅಫೋಟೆಯವರ ಮುಖ ಬೂದಿಯಂತಾಯಿತು.

"ಏನು ಮಾಡ್ದೆ ಹುಡುಗಿ! ಎರಡು ಹೆಸರಿನ ಪೆಟ್ಟಿಗೇನ ನಾನು ನನ್ನ ಜನ್ಮದಲ್ಲೇ ಕಂಡಿಲ್ಲ."

"ಖಾಲಿ ಹೋಗಲ್ಲ ಅಂದ್ರಲ್ಲ ದೊಡ್ಡಪ್ಪ. ಅರ್ಧ ಖಾಲಿಯಾಗೂ ಹೋಗ್ಬಾರದು. ಇಬ್ಬರೂ ಬರೋವರೆಗೆ ಕಾಯ್ಲಿ."

ಮುದುಕರು ಪೆಟ್ಟಿಗೆಗೆ ಒಂದು ಸುತ್ತು ಬಂದರು. ಕಟ್ಟಳೆ ಇದಕ್ಕೆ ಒಪ್ಪುತ್ತದೆಯೋ ಇಲ್ಲವೋ, ಹೇಳಬಲ್ಲ ಹಿರಿಯರೆಲ್ಲ ಆಗಲೇ ಮಣ್ಣಿನಡಿ ಇದ್ದರು. ಕಡೆಗೆ ಅವರು ಬಾಗಿಲನ್ನು ಎಳೆದುಕೊಂಡು ಹೊರಟುಹೋದರು. ಹೊರಗೆ ಊರು ಮೌನವಾಗಿಯೇ ಇತ್ತು.

"ನಾಳೆ ಫೈಲು ಕಳಿಸ್ತೀನಿ," ಎಂದಳು ಲಾಮಿಲೆ. "ವೀಸಾ ಕೊಟ್ರೆ ಹೋಗು. ಕೆತ್ತು, ಕಲಿಸು. ಆದ್ರೆ ವಾಪಸ್ ಬಾ."

ಒಡಾರ್ಟೆ ವಿಮಾನದ ಒಡಲಿನ ಮೇಲೆ ಕೈಯಾಡಿಸಿದ. ಅಳತೆ ನೋಡುವವನಂತೆ ಒಮ್ಮೆ ಪೆಟ್ಟಿಗೆಯನ್ನು, ಒಮ್ಮೆ ಅವಳನ್ನು ನೋಡಿದ. ಈ ಸಲ ಅವಳು ಹಂಗೆ ನೋಡ್ಬೇಡ ಅನ್ನಲಿಲ್ಲ.

"ಇಬ್ಬರಿಗೆ ಇದರಲ್ಲಿ ಜಾಗ ಸಾಲಲ್ಲ," ಎಂದ. "ಮಧ್ಯೆ ಕೊಯ್ದು ಅಗಲ ಮಾಡ್ಬೇಕಾಗುತ್ತೆ."

"ಮಾಡು."

"ತುಂಬ ಕಾಲ ಹಿಡಿಯುತ್ತೆ ಲಾಮಿಲೆ."

ಅವಳು ಅವನ ಕಟ್ಟು ಕಟ್ಟಿದ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಮೆಲ್ಲಗೆ ಹಿಡಿದುಕೊಂಡಳು.

"ಹಿಡೀಲಿ," ಎಂದಳು. "ನಿಧಾನಕ್ಕೆ ಮಾಡು."